ಬೆಣ್ಣೆ ಬರುವ ತನಕದ ಹಾಡು

ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಹುಲಿಯಾಗಿದ್ದೆ.

ಹೊಸನಗರದ ಕಡೆಯ ನಮ್ಮೂರ ಶಾಲೆ. ವಾರ್ಷಿಕೋತ್ಸವಕ್ಕೆ ಗೋವಿನ ಹಾಡನ್ನು ನಾಟಕದ ಥರ ಮಾಡಿಸಿದ್ದರು. ಹಸುವಾಗಲು ಎಲ್ಲರೂ ತಯಾರು, ಹುಲಿಯಾಗಲು ಯಾರೂ ಇಲ್ಲ. ನನ್ನ ಗಂಟಲು ದೊಡ್ಡದಿತ್ತು. ಹಾಗಾಗಿ ಮೇಷ್ಟ್ರು ನನ್ನನ್ನು ಆರಿಸಿದರು. ಅಮ್ಮ ಹಳೆಯ ಹಳದಿ ಸೀರೆಯೊಂದನ್ನು ಕತ್ತರಿಸಿ, ಇದ್ದಿಲಿನಲ್ಲಿ ಪಟ್ಟೆ ಎಳೆದು, ಬೆನ್ನಿಗೆ ಪಿನ್ನು ಹಾಕಿ ಕಟ್ಟಿದ್ದಳು. ಬೆವರಿಗೆ ಇದ್ದಿಲು ಇಳಿದು ಕುತ್ತಿಗೆಯೆಲ್ಲ ಕಪ್ಪಾಗಿತ್ತು.

ಕೊನೆಯ ನುಡಿ ಬಂತು. ಹಿಂದೆ ನಿಂತವರು "ಎನ್ನುತಾ ಹುಲಿ ಹಾರಿ ನೆಗೆದು ತನ್ನ ಪ್ರಾಣವ ಬಿಟ್ಟಿತು" ಅಂತ ಹಾಡಿದರು. ನಾನು ಬೆಂಚಿನ ಮೇಲಿಂದ ಹಾರಿ ಬಿದ್ದು ಕಣ್ಣು ಮುಚ್ಚಿದೆ. ಶಾಮಿಯಾನದ ಕೆಳಗೆ ಕೂತವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಚೆನ್ನಾಗಿ ಮಾಡಿದೆ ಅಂತ ತಟ್ಟಿದರೋ, ಹುಲಿ ಸತ್ತಿತು ಅಂತ ತಟ್ಟಿದರೋ, ಆ ಗಳಿಗೆಯಲ್ಲಿ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದೆ. ಗಂಟಲು ಕಟ್ಟಿತ್ತು.

ರಾತ್ರಿ ಮನೆಗೆ ಹೋಗುವಾಗ ಅಜ್ಜಿಯ ಕೈಲಿ ಬ್ಯಾಟರಿ ಇತ್ತು. ತೋಟದ ಸಂಕ ದಾಟುವ ತನಕ ಅವಳು ಮಾತಾಡಲಿಲ್ಲ. ದಾಟಿದ ಮೇಲೆ ನನ್ನ ಕುತ್ತಿಗೆಯ ಮಸಿಯನ್ನು ಸೆರಗಿನಿಂದ ಒರೆಸುತ್ತಾ ಹೇಳಿದಳು: "ಪಾಪ ಅದು. ಹಸಿದಿತ್ತು. ಅದರದ್ದೇನು ತಪ್ಪು ಮಾರಾಯ್ತಿ?"

ರಾತ್ರಿ ಹೊತ್ತು ಅಜ್ಜಿ 'ಹುಲಿ' ಅನ್ನುವ ಮಾತನ್ನೇ ಆಡುತ್ತಿರಲಿಲ್ಲ. ಹಾವಿಗೆ ಹುಳ, ಹುಲಿಗೆ ದೊಡ್ಡನಾಯಿ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಅನ್ನುವ ಭಯ. ಆ ರಾತ್ರಿಯೂ ಅವಳು 'ಅದು' ಅಂದಳೇ ಹೊರತು ಹುಲಿ ಅನ್ನಲಿಲ್ಲ. ಹೆಸರು ಹೇಳಲಿಕ್ಕೂ ಹೆದರುವ ಪ್ರಾಣಿಗೆ ಪಾಪ ಅನ್ನುವುದು ಹೇಗೆ ಸಾಧ್ಯ ಅಂತ ನಾನು ತುಂಬಾ ವರ್ಷ ಯೋಚನೆ ಮಾಡಿದ್ದೇನೆ. ಹಾಡುಗಳಲ್ಲಿ ಪ್ರಾಣಿ ಬಂದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಈ ಬರಹವೂ ಅದರಿಂದಲೇ ಹುಟ್ಟಿದ್ದು.

ಗೋವಿನ ಹಾಡು ಗೊತ್ತಿಲ್ಲದ ಕನ್ನಡದ ಮನೆ ಕಡಿಮೆ. ಕಾಳಿಂಗ ಅನ್ನುವ ಗೊಲ್ಲ, ಅವನ ಹಸು ಪುಣ್ಯಕೋಟಿ, ಕಾಡಿನಲ್ಲಿ ಅಡ್ಡ ಹಾಕಿದ ಅರ್ಭುತ ಅನ್ನುವ ಹುಲಿ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಹಸು ಮಾತು ಕೊಡುತ್ತದೆ, ಹೋಗುತ್ತದೆ, ತಿರುಗಿ ಬರುತ್ತದೆ. ಹುಲಿ ಅತ್ತು ಪ್ರಾಣ ಬಿಡುತ್ತದೆ. ಇಷ್ಟೇ ಕಥೆ. ಬರೆದವರ ಹೆಸರಿಲ್ಲ.

ನಮ್ಮ ಕಡೆಯವರಿಗೆ ಇದು ನಮ್ಮದೇ ಹಾಡು ಅನ್ನಿಸಲು ಕಾರಣ ಇದೆ. ಗೊಲ್ಲ ಹಸುಗಳನ್ನು ಕರೆಯುವಾಗ "ಗಂಗೆ ಬಾರೇ ಗೌರಿ ಬಾರೇ ತುಂಗಭದ್ರೆ ತಾಯಿ ಬಾರೇ" ಅನ್ನುತ್ತಾನೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಕೂಡುವುದು ಶಿವಮೊಗ್ಗದ ಹತ್ತಿರದ ಕೂಡ್ಲಿಯಲ್ಲಿ. ಹುಲಿ ಇರುವುದು "ಹಬ್ಬಿದಾ ಮಲೆ ಮಧ್ಯದೊಳಗೆ". ಮಲೆ ಅನ್ನುವ ಮಾತು ಕೇಳಿದ ಕೂಡಲೇ ನಮಗೆ ಬೇರೆ ಚಿತ್ರ ಬೇಕಾಗುವುದಿಲ್ಲ. ಮನೆಯ ಹಿಂದಿನ ಗುಡ್ಡವೇ ಕಣ್ಣಿಗೆ ಬರುತ್ತದೆ. ನಮ್ಮ ತಾಲೂಕಿನಲ್ಲಿ ಹುಲಿಕಲ್ ಅಂತಲೇ ಒಂದು ಊರಿದೆ. ನಮ್ಮ ಮಲೆನಾಡು ಗಿಡ್ಡ ದನಗಳೂ ಅಷ್ಟೇ. ಬೆಳಿಗ್ಗೆ ಬಿಟ್ಟರೆ ಕಾಡಿಗೆ ಹೋಗಿ ಮೇಯ್ದು ಸಂಜೆ ತಾವೇ ಕೊಟ್ಟಿಗೆಗೆ ಬರುವ ಜಾತಿ. ಒಂದು ದನ ಬಂದಿಲ್ಲ ಅಂದರೆ ಮನೆಯವರು ಅಂಗಳದ ತುದಿಗೆ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಕತ್ತಲಾದ ಮೇಲೂ ಬರದಿದ್ದರೆ ಯಾರೂ ಏನೂ ಮಾತಾಡುತ್ತಿರಲಿಲ್ಲ. ಆ ಮೌನ ಗೊತ್ತಿರುವವರಿಗೆ ಈ ಹಾಡಿನ ಮೊದಲರ್ಧ ಕಥೆಯೇ ಅಲ್ಲ, ದಿನಚರಿ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಸುಲಭದ ಅರ್ಥ. ಹಸು ಅಂದರೆ ಸತ್ಯ, ಹುಲಿ ಅಂದರೆ ಕ್ರೌರ್ಯ, ಸತ್ಯದ ಮುಂದೆ ಕ್ರೌರ್ಯ ಸೋಲುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಪೂರ್ತಿ ಮಾರ್ಕು. ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಹಾಗೆ ಓದಿದಾಗ ಪ್ರಾಣಿ ಮಾಯವಾಗಿ ಬರೀ ಹಣೆಪಟ್ಟಿ ಉಳಿಯುತ್ತದೆ. ಹಾಡು ಕಟ್ಟಿದವರಿಗೆ ಕೊಟ್ಟಿಗೆ ಗೊತ್ತಿತ್ತು, ಕಾಡು ಗೊತ್ತಿತ್ತು. ಅವರು ಮೊದಲು ಪ್ರಾಣಿಯನ್ನು ನೋಡಿದ್ದಾರೆ. ಅರ್ಥ ಆ ಪ್ರಾಣಿಯ ಮೈಯಲ್ಲೇ ಇದೆ, ಅದರ ಹಲ್ಲಿನಲ್ಲಿ, ಕೆಚ್ಚಲಿನಲ್ಲಿ, ಮೂಗಿನಲ್ಲಿ. ಹಾಡಿನ ಒಳಗಿನ ತಳಮಳ ತಿಳಿಯಬೇಕಾದರೆ ಆ ಪ್ರಾಣಿ ಏನು ತಿನ್ನುತ್ತದೆ, ಯಾಕೆ ಒದೆಯುತ್ತದೆ ಅನ್ನುವುದರಿಂದ ಶುರು ಮಾಡಬೇಕು. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ, ಒಂದು ಕರುವಿನಿಂದ ಕಲಿತದ್ದು.

ನಾನು ಆರನೇ ಕ್ಲಾಸು. ಆ ವರ್ಷ ಆಷಾಢದ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ನಮ್ಮ ಕೆಂಪಿ ಗುಡ್ಡದಿಂದ ಇಳಿಯುವಾಗ ಧರೆ ಜರಿದು ಕೆಳಗೆ ಬಿತ್ತು. ಮೂರು ದಿನ ಒದ್ದಾಡಿ ಸತ್ತಿತು. ಅದರ ಕರುವಿಗೆ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಕೊಟ್ಟಿಗೆಯಲ್ಲಿ ಕರು ಹಾಕಿದ ಇನ್ನೊಂದು ಹಸು ಇತ್ತು, ಬೆಳ್ಳಿ. ಹಸಿದ ಕರು ಬೆಳ್ಳಿಯ ಹತ್ತಿರ ಹೋಯಿತು. ಮುಂದಿನಿಂದ ಹೋದಾಗ ಬೆಳ್ಳಿ ಮೂಸಿ ನೋಡಿ, ತಲೆ ತಗ್ಗಿಸಿ ಕೋಡಿನಿಂದ ದೂಡಿತು. ಕರು ಸುತ್ತು ಹಾಕಿ ಹಿಂದಿನಿಂದ ಬಂದು ಕೆಚ್ಚಲಿಗೆ ಬಾಯಿ ಹಾಕಿತು. ಬೆಳ್ಳಿ ಒದ್ದ ಏಟಿಗೆ ಅದು ಗೋಡೆಗೆ ಹೋಗಿ ಬಿತ್ತು. ಎದ್ದು ನಿಂತು ಮತ್ತೆ ಬಂತು. ಮತ್ತೆ ಒದೆ.

ಬೆಳ್ಳಿ ಕೆಟ್ಟ ಹಸು ಅಲ್ಲ. ಕರು ಹಾಕಿದ ಕೂಡಲೇ ಹಸು ಅದನ್ನು ನೆಕ್ಕುತ್ತದಲ್ಲ, ಆಗಲೇ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಆ ವಾಸನೆ ಬಂದರೆ ತೊರೆ ಬಿಡುತ್ತದೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸುತ್ತದೆ, ಬೇರೆ ವಾಸನೆ ಬಂದರೆ ಒದೆಯುತ್ತದೆ. ಹಿಂದೆ ಕೆಲವು ಕಡೆ ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ಇಟ್ಟು ಹಾಲು ಕರೆಯುತ್ತಿದ್ದರು. ಹಸುವಿನ ಪ್ರೀತಿ ಮೂಗಿನಲ್ಲಿದೆ ಅನ್ನುವುದು ಅವರಿಗೆ ಗೊತ್ತಿತ್ತು.

ಅಜ್ಜಿ ಒಂದು ಗಿಂಡಿಯಲ್ಲಿ ಬೆಲ್ಲದ ನೀರಿಗೆ ಉಪ್ಪು ಕದಡಿ ತಂದಳು. ಕರುವಿನ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಒಂದು ಕೈಯಲ್ಲಿ ಬೆಳ್ಳಿಯ ಕೋಡು ಹಿಡಿದು ನಿಂತಳು. ಬೆಳ್ಳಿ ಮೂಸಿತು, ಒಂದು ಸಲ ನಾಲಿಗೆ ಎಳೆಯಿತು, ಆಮೇಲೆ ಇನ್ನೊಂದು ಸಲ. ಹಸುವಿನ ನಾಲಿಗೆ ಒರಟು. ನೆಕ್ಕಿದ ಕಡೆಯೆಲ್ಲ ಕರುವಿನ ಕೂದಲು ಉತ್ತ ಹೊಲದ ಸಾಲಿನ ಹಾಗೆ ಎದ್ದು ನಿಂತಿತು. ಆಗ ಅಜ್ಜಿ ಹಸುವಿನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. ಹಾಡಲಿಲ್ಲ, ಸುಮ್ನೆ ಮಾತಾಡುವ ಹಾಗೆ ಹೇಳಿದಳು: "ಮುಂದೆ ಬಂದರೆ ಹಾಯಬೇಡ. ಹಿಂದೆ ಬಂದರೆ ಒದೆಯಬೇಡ."

ನನಗೆ ಮೈ ಜುಂ ಅಂದಿತು. ಆ ಸಾಲು ಗೋವಿನ ಹಾಡಿನದು. ಪುಣ್ಯಕೋಟಿ ಸಾಯಲು ಹೊರಡುವ ಮುಂಚೆ ಉಳಿದ ಹಸುಗಳ ಹತ್ತಿರ ಬೇಡಿಕೊಳ್ಳುವುದು:

"ಮುಂದೆ ಬಂದರೆ ಹಾಯಬೇಡಿ
ಹಿಂದೆ ಬಂದರೆ ಒದೆಯಬೇಡಿ
ಕಂದ ನಿಮ್ಮವನೆಂದು ಕಾಣಿರಿ
ತಬ್ಬಲಿಯನೀ ಕರುವನು"

ಎಷ್ಟು ಸಲ ಕೇಳಿದ್ದೆ ಆ ಸಾಲುಗಳನ್ನು! ಅದು ಹೋಲಿಕೆ ಅಲ್ಲ, ಅಲಂಕಾರ ಅಲ್ಲ ಅಂತ ಅವತ್ತು ಗೊತ್ತಾಯಿತು. ತಾಯಿ ಸತ್ತ ಕರುವಿಗೆ ಕೊಟ್ಟಿಗೆಯಲ್ಲಿ ನಿಜವಾಗಿ ಏನಾಗುತ್ತದೋ ಅದನ್ನೇ ಹಾಡಿನಲ್ಲಿ ಇಟ್ಟಿದ್ದಾರೆ, ಮೊದಲು ಕೋಡು, ಆಮೇಲೆ ಗೊರಸು. ಪುಣ್ಯಕೋಟಿ ತನ್ನ ಒಡನಾಡಿಗಳ ಹತ್ತಿರ ಸಣ್ಣ ಉಪಕಾರ ಕೇಳುತ್ತಿಲ್ಲ. ನಿಮ್ಮ ಮೂಗನ್ನು ಮೀರಿ ಅಂತ ಕೇಳುತ್ತಿದೆ. ಹಸುವಾಗಿ ಹುಟ್ಟಿದವರಿಗೆ ಆಗದ ಕೆಲಸವನ್ನು ಮಾಡಿ ಅನ್ನುತ್ತಿದೆ.

ಇನ್ನು ಕರು. ಅದಕ್ಕೆ ಹಾಡಿನಲ್ಲಿ ಮಾತು ಕಡಿಮೆ. ಆದರೆ ಆಡಿದ ಮಾತಿಗೆ ಉತ್ತರವೇ ಇಲ್ಲ.

"ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರು ನನಗೆ ಹಿತವರು"

ಮೊದಲು ಹಾಲು, ಆಮೇಲೆ ಜೊತೆ, ಆಮೇಲೆ ನಿದ್ದೆ. ಒಂದು ಎಳೆಗರುವಿನ ಬೆಳಗು, ಹಗಲು, ರಾತ್ರಿ ಪೂರ್ತಿ ಇಲ್ಲಿದೆ. ಹಿತವರು ಯಾರು ಅನ್ನುವ ದೊಡ್ಡ ಪ್ರಶ್ನೆ ಕೊನೆಗೆ ಬರುತ್ತದೆ, ಹಸಿವು ಚಳಿಯ ಲೆಕ್ಕ ಮುಗಿದ ಮೇಲೆ. ಪುಣ್ಯಕೋಟಿ ಈ ಯಾವುದಕ್ಕೂ ಕರುವಿಗೆ ನೇರ ಉತ್ತರ ಕೊಡುವುದಿಲ್ಲ. ತಿರುಗಿ ಉಳಿದ ಹಸುಗಳ ಹತ್ತಿರ ಮಾತಾಡುತ್ತದೆ. ಉತ್ತರ ಇಲ್ಲದಾಗ ದೊಡ್ಡವರು ಮಾಡುವುದು ಇದನ್ನೇ ಅಲ್ವಾ? ಮಗುವಿನ ಮುಖ ನೋಡದೆ ಪಕ್ಕದವರ ಹತ್ತಿರ ಮಾತು ತೆಗೆಯುತ್ತೇವೆ.

"ತಬ್ಬಲಿಯು ನೀನಾದೆ ಮಗನೆ" ಅನ್ನುವ ಸಾಲನ್ನು ಒಂದು ಸಲ ನಿಧಾನಕ್ಕೆ ಹೇಳಿ ನೋಡಿ. 'ಆಗುವೆ' ಅಂತಿಲ್ಲ, 'ಆದೆ' ಅಂತಿದೆ. ತಾಯಿ ಎದುರಿಗೇ ನಿಂತಿದೆ, ಬಿಸಿ ಉಸಿರು ಬಿಡುತ್ತಿದೆ, ಆದರೂ ಕರು ಆಗಲೇ ತಬ್ಬಲಿ. ಮಾತು ಕೊಟ್ಟ ಗಳಿಗೆಯಲ್ಲೇ ಅದು ನಡೆದುಹೋಗಿದೆ. ಇದನ್ನು ಹೇಳಿದ ಮೇಲೆ ಹಸು ಕರುವನ್ನು ತಬ್ಬಿಕೊಳ್ಳುತ್ತದೆ. ತಬ್ಬಲಿ ಅಂದ ಬಾಯಲ್ಲೇ ತಬ್ಬಿಕೊಂಡಿತು ಅನ್ನುವ ಮಾತು. ಕನ್ನಡದಲ್ಲಿ ಮಾತ್ರ ಆಗುವ ಸಂಕಟ ಇದು.

ಪುಣ್ಯಕೋಟಿ ಮಾಡಿದ್ದು ಸರಿಯಾ ಅಂತ ನನ್ನ ಗೆಳತಿಯೊಬ್ಬಳು ಒಮ್ಮೆ ಸಿಟ್ಟಿನಿಂದ ಕೇಳಿದ್ದಳು. ಆಗ ಅವಳ ಮಗುವಿಗೆ ಏಳು ತಿಂಗಳು. ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಹೋಗುವ ತಾಯಿಯನ್ನು ನಾನು ಒಪ್ಪಲ್ಲ ಅಂದಳು. ನಾನು ಅವಳ ಜೊತೆ ವಾದ ಮಾಡಲಿಲ್ಲ. ಹಾಡು ಕೂಡ ವಾದ ಮಾಡುವುದಿಲ್ಲ. ಹಸುವಿನ ಕೈಲಿ "ಸತ್ಯವೇ ನಮ್ಮ ತಾಯಿ ತಂದೆ" ಅಂತ ಹೇಳಿಸುತ್ತದೆ, ಪಕ್ಕದಲ್ಲೇ ಕರುವಿನ ನಾಲ್ಕು ಪ್ರಶ್ನೆ ಇಡುತ್ತದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನನ್ನ ಮಟ್ಟಿಗೆ ಆ ಹಾಡು ಇಷ್ಟು ಕಾಲ ಬದುಕಿರುವುದು ಈ ಕಾರಣಕ್ಕೆ. ಸತ್ಯಕ್ಕೆ ಎಷ್ಟು ಬೆಲೆ ಕೊಡಬೇಕಾಗುತ್ತದೆ ಅನ್ನುವುದನ್ನು ಅದು ಮುಚ್ಚಿಟ್ಟಿಲ್ಲ.

ಈಗ ನನ್ನ ಹುಲಿಯ ಹತ್ತಿರ ಬರುತ್ತೇನೆ.

ಮೊದಲು ಹಸು ಬೇಡಿಕೊಂಡಾಗ ಹುಲಿ ಹೇಳುವ ಮಾತು ಇದು: "ಹಸಿದ ವೇಳೆಗೆ ಸಿಕ್ಕಿದೊಡವೆಯ ವಶವ ಮಾಡದೆ ಬಿಡಲು" ನೀನು ನುಸುಳಿ ಹೋಗುವೆ, ಮತ್ತೆ ಬರುವೆಯಾ? ಇಲ್ಲಿ 'ಒಡವೆ' ಅನ್ನುವ ಪದ ಇದೆ. ಈಗ ನಾವು ಒಡವೆ ಅಂದರೆ ಚಿನ್ನ ಅಂದುಕೊಳ್ಳುತ್ತೇವೆ. ಹಳೆಯ ಮಾತಿನಲ್ಲಿ ಒಡವೆ ಅಂದರೆ ಸ್ವತ್ತು, ತನ್ನ ಪಾಲಿಗೆ ಬಂದ ವಸ್ತು. ಹುಲಿಯ ಕಣ್ಣಿಗೆ ಎದುರಿಗೆ ನಿಂತದ್ದು ಹಸು ಅಲ್ಲ, ತಾಯಿ ಅಲ್ಲ. ಒಂದು ಒಡವೆ. ಇದರಲ್ಲಿ ದ್ವೇಷ ಇಲ್ಲ. ನಮಗೆ ತಟ್ಟೆಯಲ್ಲಿರುವ ಅನ್ನದ ಮೇಲೆ ದ್ವೇಷ ಇರುತ್ತದಾ?

ಕೊನೆಯಲ್ಲಿ ಅದೇ ಹುಲಿ ಹೇಳುತ್ತದೆ: "ಎನ್ನ ಒಡಹುಟ್ಟಕ್ಕ ನೀನು, ನಿನ್ನ ಕೊಂದು ಏನ ಪಡೆವೆನು".

ಒಡವೆ ಆಗಿದ್ದದ್ದು ಒಡಹುಟ್ಟು ಆಯಿತು. ಇದು ನನಗೆ ಹೊಳೆದದ್ದು ಇತ್ತೀಚೆಗೆ, ಸಾಗರದಿಂದ ಬಸ್ಸಿನಲ್ಲಿ ಬರುತ್ತಿದ್ದಾಗ, ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಾಗ. ಎರಡು ಪದಗಳ ಮೂಲ ಬೇರೆ. ಒಡೆತನಕ್ಕೆ ಸೇರಿದ್ದು ಒಡವೆ, ಒಡನೆ ಹುಟ್ಟಿದ್ದು ಒಡಹುಟ್ಟು. ಆದರೆ ಕಿವಿಗೆ ಎರಡೂ ಒಂದೇ ಸದ್ದಿನಿಂದ ಶುರುವಾಗುತ್ತವೆ. ಹುಲಿಯ ಒಳಗೆ ಆದ ಜಗಳ ಪೂರ್ತಿ ಈ ಎರಡು ಪದಗಳ ನಡುವೆ ಇದೆ. ಇನ್ನೂ ಒಂದಿದೆ. ಪುಣ್ಯಕೋಟಿ ಉಳಿದ ಹಸುಗಳನ್ನು ಕರೆಯುವಾಗ "ನಮ್ಮ ತಾಯೊಡಹುಟ್ಟುಗಳಿರಾ" ಅಂದಿರುತ್ತದೆ. ಆ ಪದ ಹುಲಿಯ ಕಿವಿಗೆ ಬಿದ್ದಿರಲಿಲ್ಲ, ಅದು ಕಾಡಿನಲ್ಲಿತ್ತು. ಕೇಳುವ ನಮ್ಮ ಕಿವಿಗೆ ಬಿದ್ದಿತ್ತು. ಕೊಟ್ಟಿಗೆಯಲ್ಲಿ ಆಡಿದ ಪದ ಕಾಡಿನಲ್ಲಿ ಹುಲಿಯ ಬಾಯಿಂದ ಬಂದಾಗ, ಹಸುವಿನ ಬಳಗಕ್ಕೆ ಹುಲಿಯೂ ಸೇರಿಬಿಟ್ಟಿತು ಅನ್ನಿಸುತ್ತದೆ.

ಸೇರಿದ ಮೇಲೆ ಬದುಕಬಹುದಿತ್ತಲ್ಲ? ಯಾಕೆ ಸಾಯಬೇಕು?

ಬೆಳ್ಳಿ ಆರನೇ ದಿನಕ್ಕೆ ಕೆಂಪಿಯ ಕರುವಿಗೆ ಹಾಲು ಬಿಟ್ಟಿತು. ಹಸು ತನ್ನ ಮೂಗನ್ನು ಮೀರಬಹುದು. ಅದಕ್ಕೆ ಬೆಲ್ಲದ ನೀರು ಸಾಕು, ಒಬ್ಬಳು ಅಜ್ಜಿ ಸಾಕು. ಹುಲಿಗೆ ಬೆಲ್ಲದ ನೀರು ಇಲ್ಲ. ಅದರ ಹಲ್ಲು ಹುಲ್ಲು ಅಗಿಯುವ ಹಲ್ಲಲ್ಲ, ಅದರ ಹೊಟ್ಟೆ ಸೊಪ್ಪು ಅರಗಿಸುವ ಹೊಟ್ಟೆಯಲ್ಲ. ಈ ಹಸುವನ್ನು ಬಿಟ್ಟರೆ ನಾಳೆ ಇನ್ನೊಂದು ಬೇಕು. ಆ ಇನ್ನೊಂದಕ್ಕೂ ಒಂದು ಕರು ಇರುತ್ತದೆ. ಒಂದನ್ನು ಅಕ್ಕ ಅಂತ ಕರೆದ ಮೇಲೆ ಇನ್ನೊಂದನ್ನು ಒಡವೆ ಅನ್ನಲು ಬಾಯಿ ಬರುವುದಿಲ್ಲ. ಕೊಲ್ಲಲಾರದ ಹುಲಿ ಮಲೆಯಲ್ಲಿ ಎಲ್ಲಿ ಹೋಗಬೇಕು? ಹಾಡು ಕಟ್ಟಿದವರು ಈ ಪ್ರಶ್ನೆಯನ್ನು ಕೊನೆ ತನಕ ಯೋಚಿಸಿದ್ದಾರೆ ಅಂತ ನನ್ನ ನಂಬಿಕೆ. ಹುಲಿಯನ್ನು ಸಸ್ಯಾಹಾರಿ ಮಾಡಿ ಕಥೆ ಮುಗಿಸಿಲ್ಲ.

ಇದೇ ಥರದ ಕಥೆ ಸಂಸ್ಕೃತದ ಪದ್ಮಪುರಾಣದಲ್ಲಿಯೂ ಇದೆ. ಅಲ್ಲಿ ಹಸುವಿನ ಹೆಸರು ನಂದಾ. ಅಲ್ಲಿನ ಹುಲಿ ನಿಜವಾಗಿ ಹುಲಿಯೇ ಅಲ್ಲ, ಪ್ರಭಂಜನ ಅನ್ನುವ ರಾಜ. ಮರಿಗೆ ಹಾಲು ಕೊಡುತ್ತಿದ್ದ ಜಿಂಕೆಯನ್ನು ಹೊಡೆದದ್ದಕ್ಕೆ ಶಾಪ ತಗುಲಿ ಹುಲಿಯಾದವನು. ನಂದಾ ಸಿಕ್ಕಿದಾಗ ಶಾಪ ಬಿಟ್ಟು ಮತ್ತೆ ರಾಜನಾಗುತ್ತಾನೆ. ಚೆಂದದ ಕಥೆ. ಆದರೆ ನನಗೆ ಕನ್ನಡದ ಅರ್ಭುತನೇ ಜಾಸ್ತಿ ಹತ್ತಿರ. ಅವನ ಒಳಗೆ ಯಾವ ರಾಜನೂ ಅಡಗಿ ಕೂತಿಲ್ಲ. ಹಿಂದಿನ ಜನ್ಮದ ತಪ್ಪಿಲ್ಲ, ಬಿಡುಗಡೆಯ ಬಾಗಿಲೂ ಇಲ್ಲ. ಬರೀ ಹುಲಿ. ಹಸಿದ ಹುಲಿ. ಅಜ್ಜಿ "ಪಾಪ ಅದು" ಅಂದದ್ದು ಇದಕ್ಕೇ ಇರಬೇಕು.

ಹಾಡಿನಲ್ಲಿ ಇದಾದ ಮೇಲೆ ಎಲ್ಲ ಬೇಗ ಮುಗಿಯುತ್ತದೆ. ಪುಣ್ಯಕೋಟಿ ಮನೆಗೆ ಬರುತ್ತದೆ, ಕರುವಿಗೆ ಹಾಲು ಕೊಡುತ್ತದೆ, ಪ್ರತಿ ಸಂಕ್ರಾಂತಿಗೆ ಕೃಷ್ಣನ ಭಜನೆ ಮಾಡಿ ಅಂತ ಗೊಲ್ಲನಿಗೆ ಹೇಳುತ್ತದೆ. ಸತ್ತ ಹುಲಿಯ ಮಾತು ಮತ್ತೆ ಬರುವುದಿಲ್ಲ. ಅದಕ್ಕಾಗಿ ಅಳುವವರು ಹಾಡಿನ ಒಳಗೆ ಯಾರೂ ಇಲ್ಲ. ಆ ಕೆಲಸವನ್ನು ಹಾಡುವವರಿಗೆ ಬಿಟ್ಟಿದ್ದಾರೇನೋ.

ಹೋದ ವರ್ಷ ಶಿಕಾರಿಪುರದ ಕಡೆ ಹೋಗಿದ್ದೆವು. ಶಿರಾಳಕೊಪ್ಪದ ಹತ್ತಿರ ಉಡುತಡಿ, ಅಕ್ಕಮಹಾದೇವಿಯ ಊರು. ನಮ್ಮ ಜಿಲ್ಲೆಯವಳು ಅನ್ನುವ ಸಲಿಗೆ ನನಗೆ ಅಕ್ಕನ ಮೇಲೆ ಮೊದಲಿನಿಂದಲೂ ಇದೆ. ಜೊತೆಗಿದ್ದ ಹಿರಿಯರೊಬ್ಬರು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಅವಳ ವಚನ ಹಾಡಿದರು.

"ತೆರಣಿಯ ಹುಳು ತನ್ನ ಸ್ನೇಹದಿಂದ ಮನೆಯ ಮಾಡಿ
ತನ್ನ ನೂಲು ತನ್ನನೆ ಸುತ್ತಿ ಸುತ್ತಿ ಸಾವಂತೆ
ಮನಬಂದುದನು ಬಯಸಿ ಬಯಸಿ ಬೇವುತ್ತಿದ್ದೇನಯ್ಯಾ"

ತೆರಣಿಯ ಹುಳು ಅಂದರೆ ರೇಷ್ಮೆ ಹುಳು ಅಂತ ಅರ್ಥ ಹೇಳುತ್ತಾರೆ. ನಾನು ಎಷ್ಟೋ ವರ್ಷ ಈ ವಚನವನ್ನು 'ಆಸೆಯೇ ಬಂಧನ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅವತ್ತು 'ಸ್ನೇಹ' ಅನ್ನುವ ಪದ ಹಿಡಿದು ನಿಲ್ಲಿಸಿತು. ಸ್ನೇಹ ಅಂದರೆ ಪ್ರೀತಿ. ಸ್ನೇಹ ಅಂದರೆ ಎಣ್ಣೆಯ ಜಿಡ್ಡು, ಅಂಟು ಅಂತಲೂ ಅರ್ಥ ಇದೆ. ರೇಷ್ಮೆ ಹುಳು ಗೂಡು ಕಟ್ಟುವುದನ್ನು ನೋಡಿದವರಿಗೆ ಗೊತ್ತು, ಅದರ ಬಾಯಿಂದ ಬರುವುದು ಮೊದಲು ನೂಲಲ್ಲ, ಅಂಟಾದ ರಸ. ಗಾಳಿಗೆ ಬಂದ ಮೇಲೆ ಎಳೆಯಾಗುತ್ತದೆ. ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಆಡಿಸುತ್ತಾ ತನ್ನ ಸುತ್ತ ತಾನೇ ಹೆಣೆದುಕೊಳ್ಳುತ್ತದೆ. ಮೊದಮೊದಲು ಒಳಗಿನ ಹುಳು ಕಾಣುತ್ತದೆ, ಆಮೇಲೆ ನೆರಳು, ಆಮೇಲೆ ಅದೂ ಇಲ್ಲ. ಪ್ರೀತಿಯೂ ಅಂಟೂ ಒಂದೇ ಪದದಲ್ಲಿ, ಮನೆಯೂ ಗೋರಿಯೂ ಒಂದೇ ಗೂಡಿ‌ನಲ್ಲಿ.

ಇಲ್ಲಿಯೂ ಪ್ರಾಣಿಯ ಮೈಯೇ ಮಾತಾಡುತ್ತಿದೆ. ನೂಲು ಬಿಡಬೇಡ ಅಂತ ಹುಳುವಿಗೆ ಹೇಳಲು ಬರುತ್ತದಾ? ಹೊರಗಿನಿಂದ ಯಾರೋ ತಂದು ಕಟ್ಟಿದ ಹಗ್ಗ ಅದಲ್ಲ, ತನ್ನದೇ ರಸ. ಅಕ್ಕನ ತಳಮಳ ಅಲ್ಲಿದೆ. "ಎನ್ನ ಮನದ ದುರಾಶೆಯ ಮಾಣಿಸಿ" ಅಂತ ಅವಳು ಚೆನ್ನಮಲ್ಲಿಕಾರ್ಜುನನನ್ನು ಬೇಡುತ್ತಾಳೆ. ಮಾಣಿಸು ಅಂದರೆ ನಿಲ್ಲಿಸು. ತನ್ನಿಂದ ಆಗುವುದಿಲ್ಲ ಅಂತ ಗೊತ್ತಿರುವವರು ಕೇಳುವ ಮಾತು ಅದು. ಅರ್ಭುತನಿಗೆ ಹಾಗೆ ಕೇಳಲು ಯಾರೂ ಇರಲಿಲ್ಲ.

ಅಕ್ಕನ ಇನ್ನೊಂದು ವಚನವನ್ನೂ ಅವರು ಹಾಡಿದರು, "ಚಿಲಿಮಿಲಿ ಎಂದೋದುವ ಗಿಳಿಗಳಿರಾ, ನೀವು ಕಾಣಿರೆ". ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲು, ಎಲ್ಲರನ್ನೂ ನಿಲ್ಲಿಸಿ ಕೇಳುತ್ತಾಳೆ, ಅವನನ್ನು ನೋಡಿದಿರಾ ಅಂತ. ಅಲ್ಲಿ ಪ್ರಾಣಿಗಳು ಯಾವುದರ ಗುರುತೂ ಅಲ್ಲ. ದಾರಿಯಲ್ಲಿ ಸಿಕ್ಕವರು, ಅಷ್ಟೇ. ದಾರಿ ತಪ್ಪಿದ ದನ ಹುಡುಕುವಾಗ ಎದುರಿಗೆ ಬಂದವರನ್ನೆಲ್ಲ ನಾವು ಕೇಳುತ್ತೇವಲ್ಲ, ಹಾಗೆ.

ಆ ಪ್ರವಾಸದಿಂದ ಬಂದ ಮಾರನೇ ವಾರ ಮಕ್ಕಳ ಹಟಕ್ಕೆ ತ್ಯಾವರೆಕೊಪ್ಪಕ್ಕೆ ಹೋದೆ. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿರುವ ಹುಲಿ ಸಿಂಹಧಾಮ. ಬಲೆ ಹಾಕಿದ ಕಿಟಕಿಯ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಒಂದು ತಿರುವಿನಲ್ಲಿ ಡ್ರೈವರ್ ಬಸ್ಸು ನಿಲ್ಲಿಸಿದರು. ಹತ್ತು ಮಾರು ದೂರದಲ್ಲಿ, ಮತ್ತಿ ಮರದ ನೆರಳಿನಲ್ಲಿ ಹುಲಿ ಮಲಗಿತ್ತು. ಮುಂಗಾಲನ್ನು ನೆಕ್ಕಿಕೊಳ್ಳುತ್ತಿತ್ತು. ನಾಲಿಗೆ ಎಳೆದ ಕಡೆ ಕೂದಲು ಸಾಲು ಸಾಲಾಗಿ ಎದ್ದು ನಿಲ್ಲುತ್ತಿತ್ತು. ಬೆಳ್ಳಿ ನೆಕ್ಕಿದ ಕರುವಿನ ಬೆನ್ನಿನ ಹಾಗೆಯೇ. ಹುಲಿಯ ನಾಲಿಗೆಯ ಮೇಲೂ ಮುಳ್ಳಿನಂಥ ಒರಟು ಇರುತ್ತದೆ, ಮೂಳೆಯ ಮೇಲಿನ ಮಾಂಸ ಕೀಳಲು. ಅದೇ ನಾಲಿಗೆಯಿಂದ ಮರಿಯನ್ನೂ ನೆಕ್ಕುತ್ತದೆ. ಬಸ್ಸಿನಲ್ಲಿದ್ದವರು ಫೋನು ಹಿಡಿದು ಕೂಗುತ್ತಿದ್ದರು. ಹುಲಿ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಕಾಲು ನೆಕ್ಕತೊಡಗಿತು. ನನಗೆ ಚಪ್ಪಾಳೆಯ ಸದ್ದು ನೆನಪಾಯಿತು. ಕಿಟಕಿಯಿಂದ ಈಚೆ ಸರಿದು ಕೂತೆ.

ಊರಿನ ಕೊಟ್ಟಿಗೆಯಲ್ಲಿ ಈಗ ಒಂದೇ ಹಸು ಇದೆ. ಮೊದಲು ಹದಿನಾಲ್ಕು ಇದ್ದವು. ಉಳಿದ ಜಾಗದಲ್ಲಿ ಅಡಿಕೆ ಚೀಲ, ಅಣ್ಣನ ಬೈಕು. ಕಾಡಿಗೆ ದನ ಬಿಡುವವರು ಕಡಿಮೆ. ಆ ಕಡೆ ಭದ್ರಾ ಕಾಡನ್ನು 1998ರಲ್ಲಿ ಹುಲಿಗಳಿಗೆ ಮೀಸಲು ಮಾಡಿದರು, ನಾಲ್ಕೈದು ವರ್ಷದೊಳಗೆ ಒಳಗಿದ್ದ ಊರಿನವರು ದನಕರು ಕಟ್ಟಿಕೊಂಡು ಹೊರಗೆ ಬಂದರು. ಹಸು ಒಂದು ಕಡೆ, ಹುಲಿ ಒಂದು ಕಡೆ ಆಯಿತು. ಎರಡಕ್ಕೂ ಒಳ್ಳೆಯದೇ ಆಗಿರಬಹುದು. ಆದರೆ ದೀಪಾವಳಿಯ ಪಾಡ್ಯದ ದಿನ ದನಗಳ ಕೊರಳಿಗೆ ಚೆಂಡುಹೂವು, ಅಡಿಕೆಯ ಸರ ಕಟ್ಟುವಾಗ, ಕಾಡು ಕಾಯುವ ಹುಲಿಯಪ್ಪನಿಗೂ ಒಂದು ಕಾಯಿ ಎತ್ತಿಡುತ್ತಿದ್ದ ಜನ ನಮ್ಮವರು. ದನ ತಿನ್ನುವವನಿಗೂ ದನದ ಹಬ್ಬದಲ್ಲಿ ಪಾಲು. ಗೋವಿನ ಹಾಡನ್ನು ಅಂಥವರೇ ಉಳಿಸಿಕೊಂಡು ಬಂದದ್ದು.

ಅಜ್ಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ಈ ಹಾಡು ಹೇಳುತ್ತಿದ್ದದ್ದು ನಮ್ಮನ್ನು ಮಲಗಿಸಲಿಕ್ಕಲ್ಲ, ಮಜ್ಜಿಗೆ ಕಡೆಯಲಿಕ್ಕೆ. ಬೆಳಿಗ್ಗೆ ಕಂಬಕ್ಕೆ ಕಡಗೋಲು ಸಿಕ್ಕಿಸಿ, ಹಗ್ಗದ ಎರಡು ತುದಿ ಹಿಡಿದು ಕೂರುವಳು. "ಧರಣಿ" ಅಂದಾಗ ಬಲಗೈ, "ಮಂಡಲ" ಅಂದಾಗ ಎಡಗೈ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಹಗ್ಗದ ಎಳೆತಕ್ಕೂ ಹಾಡಿನ ನಡೆಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಬೆಣ್ಣೆ ಬಂದರೆ ಸದ್ದು ಬದಲಾಗುತ್ತದೆ, ಜೊರಜೊರ ಅನ್ನುತ್ತಿದ್ದದ್ದು ದಪ್ಪಗೆ ಡೊಬಡೊಬ ಅನ್ನತೊಡಗುತ್ತದೆ. ಆ ಸದ್ದು ಕೇಳಿದ ಕೂಡಲೇ ಅಜ್ಜಿ ಹಾಡು ನಿಲ್ಲಿಸುವಳು. ಹಸು ಎಲ್ಲಿದ್ದರೆ ಅಲ್ಲಿ. ಬೇಸಿಗೆಯಲ್ಲಿ ಬೆಣ್ಣೆ ಬೇಗ ಬರುತ್ತದೆ, ಪುಣ್ಯಕೋಟಿ ಇನ್ನೂ ಹುಲಿಯ ಎದುರಿಗೆ ನಿಂತಿರುತ್ತಿತ್ತು. ಮಳೆಗಾಲದಲ್ಲಿ ಕರುವಿನ ಪ್ರಶ್ನೆಗಳ ತನಕ. ಚಳಿಗಾಲದಲ್ಲಿ ಮಾತ್ರ, ಎಷ್ಟು ಕಡೆದರೂ ಬೆಣ್ಣೆ ಕಟ್ಟದ ಮಾಗಿಯ ಬೆಳಗಿನಲ್ಲಿ, ಹಾಡು ಪೂರ್ತಿ ಆಗುತ್ತಿತ್ತು. ನಮ್ಮ ಮನೆಯಲ್ಲಿ ಹುಲಿ ಸಾಯುತ್ತಿದ್ದದ್ದು ಚಳಿಗಾಲದಲ್ಲಿ ಮಾತ್ರ.

ಅವಳು ಹೋಗಿ ನಾಲ್ಕು ವರ್ಷ ಆಯಿತು. ಅದಕ್ಕೂ ಒಂದು ವರ್ಷ ಮುಂಚೆ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಫೋನಿನಲ್ಲಿ ಅವಳ ಹಾಡು ರೆಕಾರ್ಡ್ ಮಾಡಿಕೊಂಡಿದ್ದೆ. ಆರು ನಿಮಿಷ ಚಿಲ್ಲರೆ ಇದೆ. ಹಿಂದೆ ಕಡಗೋಲಿನ ಸದ್ದು, ನಡುವೆ ಒಂದು ಕಡೆ ಬೆಕ್ಕನ್ನು ಗದರುತ್ತಾಳೆ, ಒಂದು ಕಡೆ ಉಸಿರು ಸಾಲದೆ ನಿಲ್ಲುತ್ತಾಳೆ. ಬೇಸಿಗೆಯಾದರೂ ಅವತ್ತು ಯಾಕೋ ಬೆಣ್ಣೆ ತಡವಾಗಿತ್ತು. ಹಸು ಮನೆಗೆ ಬಂದು, ಕರುವನ್ನು ತಬ್ಬಿ, ಕಾಡಿಗೆ ತಿರುಗಿ ಹೋಗಿ, ಗವಿಯ ಬಾಗಿಲಲ್ಲಿ ನಿಂತು ಹುಲಿಯನ್ನು ಕರೆಯುತ್ತದೆ. "ಖಂಡವಿದೆಕೋ ಮಾಂಸವಿದೆಕೋ ಗುಂಡಿಗೆಯ ಬಿಸಿರಕ್ತವಿದೆಕೋ". ಅಲ್ಲಿಗೆ ಸದ್ದು ದಪ್ಪ ಆಗುತ್ತದೆ. ಹಗ್ಗ ನಿಲ್ಲುತ್ತದೆ.

"ಬಂತು," ಅನ್ನುತ್ತಾಳೆ ಅಜ್ಜಿ. "ಮಗಾ, ಒಂದು ಚೊಂಬು ತಣ್ಣೀರು ತಾ."

ಆಮೇಲೆ ನನ್ನ ಹೆಜ್ಜೆಯ ಸದ್ದು, ಅಷ್ಟೇ.